ಸೋರೆಬುರುಡೆಯ ಮೇಲಿನ ಕೆರ

ಸಾಲಿಗ್ರಾಮದ ಕಡೆ ಮಲ್ಲಾಜಮ್ಮನ ಹೆಸರೆತ್ತಿದರೆ ಜನ ಬಾಯಿಬಡುಕಿ ಎನ್ನುತ್ತಾರೆ. ಅನ್ನಲಿ. ಆ ಬಾಯಿ ಇಲ್ಲದೆ ಹೋಗಿದ್ದರೆ ಅವಳ ಗಂಡ ಚೆಲುವಯ್ಯ ಕಾವೇರಿಯಲ್ಲೇ ಉಳಿಯುತ್ತಿದ್ದ.

ಐವತ್ತರ ದಶಕದ ಮಾತು. ಮಳೆಗಾಲದಲ್ಲಿ ನೆರೆ ಹೊತ್ತು ತಂದ ಮರ, ಮುಳ್ಳು, ಬಿದಿರು ನಾಲೆಯ ತೂಬಿನ ಬಾಯಿಗೆ ಸಿಕ್ಕಿಕೊಳ್ಳುತ್ತಿತ್ತು. ಚೆಲುವಯ್ಯ ಉಸಿರು ಕಟ್ಟಿ ಮುಳುಗಿ ಅದನ್ನು ಬಿಡಿಸಿದರೆ ಊರಿನ ಗದ್ದೆಗೆ ನೀರು. ಕೆಳಗೆ ಮನುಷ್ಯನಿದ್ದಾನೆಂದು ಮೇಲೆ ಹೋಗುವ ಹರಿಗೋಲಿನವರಿಗೆ ತಿಳಿಯಬೇಕಲ್ಲ? ಅದಕ್ಕೆ ಮಲ್ಲಾಜಮ್ಮ ಒಣಗಿದ ಸೋರೆಬುರುಡೆಗಳ ಬಾಯಿಗೆ ಜೇನುಮೇಣ ಮೆತ್ತಿ, ಒಂದಕ್ಕೊಂದು ಬಿಗಿದು, ನಡುವೆ ಬಿದಿರುಕೋಲು ನಿಲ್ಲಿಸುತ್ತಿದ್ದಳು. ಕೋಲು ವಾಲದಂತೆ ಅದರ ಬುಡಕ್ಕೆ ಒಂದು ಕಲ್ಲು. ಬುರುಡೆಯಿಂದ ಇಳಿದ ಹಗ್ಗ ಗಂಡನ ಸೊಂಟಕ್ಕೆ, ಇನ್ನೊಂದು ದಡದಲ್ಲಿ ಅವಳ ಕೈಗೆ. ಕೋಲಿನ ತುದಿಗೆ ತನ್ನ ಹಳೇ ಸೀರೆಯ ಕೆಂಪು ಚೂರು ಕಟ್ಟಿದಳು. ಕೆ.ಆರ್. ನಗರದಲ್ಲಿ ಕೆಂಪು ಬಟ್ಟೆ ಬೀಸಿದರೆ ರೈಲೇ ನಿಲ್ಲುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ರೈಲಿಗಿದ್ದ ಬುದ್ಧಿ ನಮ್ಮವರಿಗೆ ಇರಲಿಲ್ಲ. ಗೌರಿ ಹಬ್ಬದ ದಿನ ಹೊಳೆಗೆ ಬಾಗಿನ ಬಿಡಲು ಹರಿಗೋಲು ಹತ್ತಿದ ಹೆಂಗಸರು ನೀರಿನ ಮೇಲೆ ಕೆಂಪು ಬಟ್ಟೆ ಕಂಡು, ಯಾರೋ ಗಂಗಮ್ಮನಿಗೆ ಹರಕೆ ಬಿಟ್ಟಿದ್ದಾರೆಂದು ಕೈ ಮುಗಿದು ಹತ್ತಿರ ಬಂದರು. ಅರಿಶಿನ ಕುಂಕುಮ ಎರಚಿದರು. ಹರಿಗೋಲು ಸರಿಯದಂತೆ ಅಂಬಿಗ ಗಳ ಊರಿದ. ಗಳ ಕೂತದ್ದು ಮೇಲೇಳುತ್ತಿದ್ದ ಚೆಲುವಯ್ಯನ ತಲೆಯ ಮೇಲೆ.

ತಲೆ ಸೀಳಿ ರಕ್ತ ಸುರಿಯುತ್ತಿದ್ದವನನ್ನು ದಡಕ್ಕೆ ತಂದು ಮಲಗಿಸಿದಾಗ ಊರಿನ ಯಜಮಾನ ಶಿವನಂಜಪ್ಪ ಬಗ್ಗಿ ನೋಡಿ, "ಗಂಗವ್ವ ಬಲಿ ಕೇಳಿದ್ಲು, ದಯ ಬಂದು ಬುಟ್ಲು" ಎಂದ. ದಯೆಯಂತೆ. ಆ ಮಾತು ಕೇಳಿ ಮಲ್ಲಾಜಮ್ಮನಿಗೆ ಮೈಯೆಲ್ಲ ಉರಿಯಿತು.

ಗಾಯ ಮಾಯ್ದು ಗಂಡ ಮತ್ತೆ ನೀರಿಗಿಳಿದ ದಿನ ಅವಳು ಕೆಂಪು ಬಟ್ಟೆ ಕಿತ್ತೆಸೆದು, ಕೋಲಿನ ತುದಿಗೆ ಅವನ ಹಳೇ ಕೆರ ಕಟ್ಟಿದಳು.

"ಇದ್ಕೆ ಅದ್ಯಾವಳು ಕುಂಕುಮ ಆಕ್ತಾಳೋ ನೋಡ್ತೀನಿ."

ಯಾರೂ ಹಾಕಲಿಲ್ಲ. ಹರಿಗೋಲುಗಳು ದೂರದಿಂದಲೇ ಉಗಿದು, ಬೈದು, ಸುತ್ತು ಹಾಕಿ ಹೋದವು. ಸುದ್ದಿ ಕೇಳಿ ಶಿವನಂಜಪ್ಪ ದಡಕ್ಕೆ ಓಡಿಬಂದ. ತಲೆ ಒಡೆದ ದಿನ ನಡೆದು ಬಂದವನು ಇವತ್ತು ಓಡಿಬಂದ.

"ಏನಮ್ಮಿ ಮಲ್ಲಾಜಿ, ಗಂಗವ್ವನ ಮೈಮ್ಯಾಲೆ ಕೆರ ತೇಲಿಬುಟ್ಟಿದ್ದೀಯಲ್ಲ. ತೆಗಿ ಅದ."

"ತೆಗಿತೀನಿ ಬುದ್ಧಿ" ಎಂದು ಅವಳು ಹಗ್ಗ ಜಗ್ಗಿದಳು. ಚೆಲುವಯ್ಯ ಕೆಮ್ಮುತ್ತ ಮೇಲೆದ್ದ. ಬುರುಡೆ, ಕೋಲು, ಕೆರ, ಗಂಡ ಎಲ್ಲವನ್ನೂ ಎಳೆದುಕೊಂಡು ಮನೆಗೆ ನಡೆದಳು.

"ಯಜಮಾನ್ರ ಎದುರ್ಗೆ ಅಂಗಾಡ್ಬ್ಯಾಡ ಕಣಮ್ಮಿ" ಎಂದು ಚೆಲುವಯ್ಯ ಗೊಣಗಿದ.

"ನೀ ಸುಮ್ಕಿರು. ತಲೆ ಒಡಿಸ್ಕಂಡೋನು ನೀನು, ರಕ್ತ ತೊಳ್ದೋಳು ನಾನು."

ತೂಬು ಕಟ್ಟಿದ್ದು ಕಟ್ಟಿದಂತೆಯೇ ಉಳಿಯಿತು. ಶಿವನಂಜಪ್ಪ ಬೇರೆಯವರನ್ನು ಕರೆದು ನೋಡಿದ. ಮೇಲೆ ಕೆರದ ಗುರುತಿಲ್ಲದೆ ಇಳಿಯಲು ಯಾರೂ ಒಪ್ಪಲಿಲ್ಲ. ಗದ್ದೆಯಲ್ಲಿ ಪೈರಿನ ತುದಿ ಹಳದಿಯಾಯಿತು. ಮೊದಲು ಕಾಣಿಸಿದ್ದು ಅವನ ಗದ್ದೆಯಲ್ಲೇ. ಆಮೇಲೆ ಹೇಳಿಕಳಿಸಿದ. ಗಂಡ ಹೆಂಡತಿ ಬುರುಡೆ ತೆಪ್ಪದ ಸಮೇತ ಬಂದಾಗ ಊರೆಲ್ಲ ದಡದಲ್ಲಿ ನಿಂತಿತ್ತು.

"ಏನಾರ ಕಟ್ಕಳಮ್ಮಿ. ತೂಬು ಬುಡಿಸ್ಲಿ" ಎಂದ ಶಿವನಂಜಪ್ಪ, ಬೇರೆ ಕಡೆ ನೋಡುತ್ತ.

ಮಲ್ಲಾಜಮ್ಮ ಕೆರವನ್ನೂ ಹುರಿಯನ್ನೂ ಅವನ ಮುಂದೆ ಹಿಡಿದಳು. "ನೀವೇ ಕಟ್ಟಿ ಬುದ್ಧಿ. ನಾ ಕಟ್ಟಿದ್ರೆ ನಾಳೆ ಇನ್ನೊಬ್ರು ಬಂದು ತೆಗಿ ಅಂತಾರೆ. ನೀವು ಕಟ್ಟಿದ್ದ ಯಾರೂ ಮುಟ್ಟಕಿಲ್ಲ."

ಬೇರೆ ಜನರ ಕಾಲಿನ ಕೆರ ಮುಟ್ಟಿ ಅಭ್ಯಾಸವಿಲ್ಲದ ಕೈ ಯಜಮಾನನದು. ಶಿವನಂಜಪ್ಪ ಸುತ್ತ ನೋಡಿದ, ಗದ್ದೆಯ ಕಡೆ ನೋಡಿದ, ಕೊನೆಗೆ ಕುಕ್ಕರಗಾಲಲ್ಲಿ ಕೂತು ಬೆರಳ ತುದಿಯಲ್ಲಿ ಹುರಿ ಸುತ್ತಿದ. ಮಲ್ಲಾಜಮ್ಮ ಜಗ್ಗಿ ನೋಡಿದಳು. ಕೆರ ಕಳಚಿ ಕೈಗೆ ಬಂತು. ಅಷ್ಟರಲ್ಲಿ ಚೆಲುವಯ್ಯ ಸೊಂಟದುದ್ದ ನೀರಿನಲ್ಲಿ ನಿಂತು ಹಗ್ಗ ಕಟ್ಟಿಕೊಳ್ಳುತ್ತಿದ್ದ.

"ಬಿಗಿಯಾಗಿ ಕಟ್ಟಿ" ಎಂದಳು. "ಕೆಳಗಿಳಿಯೋನು ನನ್ ಗಂಡ."

ಶಿವನಂಜಪ್ಪ ಮೊಣಕಾಲು ಊರಿ, ಕೆರವನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಗಂಟು ಎಳೆದ.