ಒಗೆದ ಗೊಂಚಲು

ಕಣಗಳನ್ನು ಡಿಕ್ಕಿ ಹೊಡೆಸುವ ದೊಡ್ಡ ಯಂತ್ರದಲ್ಲಿ, ಯಾರೂ ಕಾಣದ ಭಾರವಾದ ಹೊಸ ಕಣವನ್ನು ಹುಡುಕುವುದು ನನ್ನ ಕೆಲಸ. ರಜೆಗೆ ನಾಸಿಕದ ಮನೆಗೆ ಬಂದಾಗ ಒಮ್ಮೆ, ಹತ್ತಿರದ ನಿಫಾಡಿನಲ್ಲಿರುವ ಭಾವನ ದ್ರಾಕ್ಷಿ ಪ್ಯಾಕಿಂಗ್ ಶೆಡ್ಡಿಗೆ ಹೋಗಿದ್ದೆ. ಅಲ್ಲಿ ಗೊಂಚಲು ಆರಿಸುತ್ತಿದ್ದ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಶಾಂತವ್ವ, ನಾನು ಕನ್ನಡದವನೆಂದು ತಿಳಿದು, ಏನು ಕೆಲಸ ಎಂದು ಕೇಳಿದರು.

"ಸೆಕೆಂಡಿಗೆ ಕೋಟಿಗಟ್ಟಲೆ ಡಿಕ್ಕಿ ಆಗ್ತಾವ್ರಿ. ಎಲ್ಲಾ ಇಡಾಕ ಜಾಗ ಇಲ್ಲ. ನನ್ನ ಪ್ರೋಗ್ರಾಂ ಬೇಕಾದ್ದಷ್ಟ ಇಟ್ಟು ಉಳಿದದ್ದು ಒಗೀತೈತಿ," ಎಂದೆ, ತುಸು ಜಂಬದಿಂದಲೇ.

"ಒಗೆದಿದ್ದನ್ನ ತಿರುಗಿ ನೋಡ್ತೀರೇನ್ರಿ?"

"ಇಲ್ಲ."

ಶಾಂತವ್ವ ನೋಡದೆ ಎತ್ತಲೆಂದು ಮುಖ ಆಚೆ ತಿರುಗಿಸಿ, ಬೇಡವೆಂದು ಒಗೆದ ದ್ರಾಕ್ಷಿಯ ಕ್ರೇಟಿಗೆ ಕೈ ಹಾಕಿ, ಸಿಕ್ಕ ಗೊಂಚಲನ್ನು ಬೆಳಕಿಗೆ ಹಿಡಿದರು. "ತಾಸಿಗೊಮ್ಮೆ ಹಿಂಗ ನೋಡ್ತೀನ್ರಿ. ಇದು ಛಲೋನ ಐತಿ. ಅಂದ್ರ ನನ್ನ ಕಣ್ಣು ತಪ್ಪಾಕತ್ತೈತಿ." ಅದನ್ನು ಒಳ್ಳೆಯದರ ಸಾಲಿಗಿಟ್ಟು, ಹೋಗಿ ಮುಖ ತೊಳೆದು ಬಂದರು.

ನಾನು ಕೆಲಸಕ್ಕೆ ಮರಳಿದವನೇ, ಕಂಪ್ಯೂಟರಿನಲ್ಲಿ ಹುಟ್ಟಿಸಿದ ಭಾರವಾದ ನಕಲಿ ಕಣಗಳನ್ನು ನನ್ನ ಪ್ರೋಗ್ರಾಂಗೆ ಕೊಟ್ಟು, ಅದು ಒಗೆದದ್ದನ್ನು ಕೆದಕಿದೆ. ಹೆಚ್ಚಿನವು ಅಲ್ಲೇ ಬಿದ್ದಿದ್ದವು. ಭಾರದ ಕಣ ನಿಧಾನವಾಗಿ ಬರುತ್ತದೆ. ತಡವಾಗಿ ಬಂದದ್ದೆಲ್ಲ ಕಸ ಎಂದು ಬರೆದಿಟ್ಟವನು ನಾನೇ. ಆ ಸಾಲು ತಿದ್ದಿದೆ. ಮರುದಿನ ಮತ್ತೆ ಕೊಟ್ಟಾಗ ಒಂದು ನಕಲಿ ಕಣವೂ ತಪ್ಪಿಸಿಕೊಳ್ಳಲಿಲ್ಲ. ಯಾರನ್ನೂ ಸುಲಭಕ್ಕೆ ಹೊಗಳದ ನಮ್ಮ ತಂಡದ ಮುಖ್ಯಸ್ಥರು ಎದ್ದು ಬಂದು ಕೈಕುಲುಕಿದರು.

ನಿಜವಾದ ಕಣ ಇನ್ನೂ ಸಿಕ್ಕಿಲ್ಲ. ಆದರೆ ಸಿಕ್ಕಿಲ್ಲ ಎಂದು ಈಗ ಎದೆ ತಟ್ಟಿ ಹೇಳಬಲ್ಲೆ. ಮೊದಲು ನಾನು ಅದನ್ನು ಒಗೆದೂ ಸಿಕ್ಕಿಲ್ಲ ಎನ್ನುತ್ತಿದ್ದೆನೋ ಏನೋ.