ಸಾಬರ ಹಲ್ಲಿನ ಗುರುತು

ನಮ್ಮ ನಾಟಕ ಕಂಪನಿ ಹೊನ್ನಾಳಿಯಲ್ಲಿ ಬಿಡಾರ ಹೂಡಿದ್ದಾಗ ನನ್ನ ಮ್ಯಾಂಡೊಲಿನ್ ಒಡೆಯಿತು. ವಾದ್ಯ ರಿಪೇರಿ ಮಾಡುವ ಮುದುಕ ಸಾಬರ ಹತ್ತಿರ ಎರಡಿದ್ದವು: ಬೊಂಬಾಯಿಯದೊಂದು, ಹಲಸಿನ ಮರದಲ್ಲಿ ಅವರೇ ಮಾಡಿದ್ದೊಂದು. ಅವರಿಗೆ ಕಿವಿ ಪೂರ್ತಿ ಹೋಗಿತ್ತು. ನಾನು ನುಡಿಸುವಾಗ ವಾದ್ಯದ ತುದಿಯನ್ನು ಕಚ್ಚಿ ಹಿಡಿದು, ಹಲ್ಲಿನಲ್ಲೇ ದನಿ ಕೇಳುತ್ತಿದ್ದರು.

"ಬೊಂಬಾಯಿದೇ ತಗೊಳ್ರಿ. ನಂದು ನಾಕು ಸಾಲಿನಾಚೆ ಕೇಳಂಗಿಲ್ಲ," ಎಂದರು.

ಆದರೂ ಅವರದನ್ನು ನುಡಿಸಿದೆ. ಕಣ್ಣು ಮುಚ್ಚಿಕೊಂಡರು. ಹಾಡು ಮುಗಿದರೂ ಕಚ್ಚಿದ್ದನ್ನು ಬಿಡಲೇ ಇಲ್ಲ.

ಅದನ್ನೇ ತಂದೆ. ಹಿಂದಿನ ಸಾಲಿಗೆ ಕೇಳಿಸಲಿಲ್ಲವೆಂದು ಕಂಪನಿ ಮಾಲೀಕರ ಹತ್ತಿರ ಬೈಸಿಕೊಂಡೆ. ತುದಿಯ ಗುರುತು ನೋಡಿದವರು, "ಇಲಿ ಕಡಿದೈತೇನ್ರೀ?" ಎಂದು ಈಗಲೂ ಕೇಳುತ್ತಾರೆ.

"ಇಲ್ಲರೀ, ಮಾಡಿದೋರು ಹಾಕಿದ ಮುದ್ರೆ," ಎನ್ನುತ್ತೇನೆ.