ಪುಂಡಿ ಪಲ್ಯಕ್ಕೆ ಸಾಂಜಿಯೋವೇಸೆ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಆ ಶನಿವಾರ ನಾಶಿಕದಿಂದ ಸಂಭಾಜಿನಗರದ ಮನೆಗೆ ಹೊರಟವಳು ಮನ್ಮಾಡ್ ದಾಟುವವರೆಗೂ ರೈಲಿನ ಬಾಗಿಲಿಗೂ ಸೀಟಿಗೂ ಅಲೆದಾಡುತ್ತಿದ್ದೆ. ನಾಶಿಕದ ಒಂದು ವೈನರಿಯ ಅಡುಗೆಮನೆಯಲ್ಲಿ ನನ್ನ ಕೆಲಸ. ಸಾಂಜಿಯೋವೇಸೆ ಎಂಬ ಇಟಲಿಯ ದ್ರಾಕ್ಷಿಯ ಕೆಂಪು ವೈನಿಗೆ ನಮ್ಮದೇ ಒಂದು ಅಡುಗೆ ಹೊಂದಿಸು ಎಂದು ಮಾಲೀಕರು ಬೆನ್ನು ಬಿದ್ದಿದ್ದರು. ಮೊಳಕೆಕಾಳಿನ ಖಾರದ ಮಿಸಳ್ ಜೊತೆ ಕೊಟ್ಟರೆ ಬಾಯಿಗೆ ಬೆಂಕಿ ಬಿತ್ತು. ಶ್ರೀಖಂಡದ ಜೊತೆ ವೈನ್ ಬರೀ ಹುಳಿ ನೀರಾಯಿತು.

ಅದರ ರುಚಿ ನನಗೆ ಬಾಯಿಪಾಠ. ಹುಳಿ ಚೆರ್ರಿ, ಟೊಮೆಟೊ ಎಲೆ ತಿಕ್ಕಿದ ಕೈಯ ವಾಸನೆ, ಕೊನೆಗೆ ಕಡಕ್ ಚಹಾದ ಒಗರು. ಬಾಯಲ್ಲಿ ಆಡಿಸಿ ಉಗುಳುತ್ತೇನೆ, ನುಂಗುವುದಿಲ್ಲ. ಇದನ್ನು ಅವ್ವನಿಗೆ ನೂರು ಸಲ ಹೇಳಿದ್ದೇನೆ. ಹೆಂಡ ಮುಟ್ಟದ, ಕಲಬುರಗಿಯ ಶಿವಭಕ್ತರ ಮನೆಯ ಮಗಳು ಆಕೆ. ನಾನು ಈ ಕೆಲಸಕ್ಕೆ ಸೇರಿದ ಮೇಲೆ ನನಗೆ ಬಡಿಸುತ್ತಾಳೆಯೇ ಹೊರತು, ನನ್ನ ಕೈಯಡುಗೆ ಬಾಯಿಗಿಟ್ಟಿಲ್ಲ. ವರ್ಷವಾಯಿತು. ಸಿಟ್ಟು ಬರುತ್ತದೆ, ಅದಕ್ಕಿಂತ ಹೆಚ್ಚು ನೋವಾಗುತ್ತದೆ.

ಮನೆಯಲ್ಲಿ ಅಂದು ಜೋಳದ ರೊಟ್ಟಿ, ಪುಂಡಿ ಪಲ್ಯ. ಇಲ್ಲಿನವರು ಅಂಬಾಡಿ ಎನ್ನುವ ಆ ಹುಳಿ ಸೊಪ್ಪಿನ ಮೊದಲ ತುತ್ತಿಗೇ ನನ್ನ ನಾಲಿಗೆ ಕೆಲಸಕ್ಕಿಳಿಯಿತು. ಹುಳಿ ವೈನಿಗೆ ಹುಳಿ ಊಟವೇ ಸರಿ, ಇಟಲಿಯವರು ಅದನ್ನು ಟೊಮೆಟೊ ಅಡುಗೆಯ ಜೊತೆ ಕುಡಿಯುವುದೂ ಅದಕ್ಕೇ. ಮೇಲಿನ ಶೇಂಗಾ ಎಣ್ಣೆಯ ಒಗ್ಗರಣೆ ವೈನಿನ ಒಗರನ್ನು ಮೆತ್ತಗಾಗಿಸುತ್ತದೆ. ತುತ್ತನ್ನು ಬಾಯಲ್ಲೇ ಹೊರಳಿಸುತ್ತ ಕೂತೆ.

"ಊಟಾನೂ ಉಗುಳ್ತಿ ಏನು?" ಅವ್ವ ಕೇಳಿದಳು.

"ಇಲ್ಲವ್ವಾ. ಇದನ್ನ ಹ್ಯಾಂಗ ಮಾಡ್ತಿ, ಹೇಳು."

"ಕುಡಿಯೋರ ಸಲುವಾಗಿ ನಾ ಹೇಳಂಗಿಲ್ಲ."

ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ನಾನೇ ಪುಂಡಿ ಪಲ್ಯಕ್ಕೆ ಒಲೆ ಹಚ್ಚಿದೆ. ಖಾರ ಜಾಸ್ತಿಯಾದರೆ ವೈನ್ ಜೊತೆ ಬಾಯಿ ಉರಿಯುತ್ತದೆಂದು ಮೆಣಸಿನಕಾಯಿ ಅರ್ಧ ಮಾಡಿದೆ. ಅವ್ವ ಬಾಗಿಲಲ್ಲಿ ನಿಂತು ಚಡಪಡಿಸುತ್ತಿದ್ದಳು. ಈ ಗುಣ ನನಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ.

"ನುಚ್ಚು ಈಗೇ ಹಾಕಬ್ಯಾಡ, ಸೊಪ್ಪು ಇನ್ನಾ ಕುದೀಬೇಕು."

ನಾನು ಕೇಳಲಿಲ್ಲ. ಆಕೆ ತಡೆಯಲಾರದೆ ಬಂದು ಸೌಟು ಕಸಿದುಕೊಂಡಳು, ತಿರುವಿದಳು, ರೂಢಿಯಂತೆ ಅಂಗೈ ಮೇಲೆ ಚೂರು ಹಾಕಿಕೊಂಡು ಬಾಯಿಗಿಟ್ಟಳು. ಆಮೇಲೆ ಆಕೆಗೆ ನೆನಪಾಯಿತು, ಅದು ನನ್ನ ಅಡುಗೆ ಎಂದು. ಬಾಯಿ ಹಾಗೇ ನಿಂತಿತು. ನಾನು ಬಚ್ಚಲ ಕಡೆ ನೋಡಿದೆ. ಇನ್ನೇನು ಹೋಗಿ ಉಗುಳುತ್ತಾಳೆ ಎಂದುಕೊಂಡೆ.

ಅವ್ವ ನುಂಗಿದಳು.

"ಉಪ್ಪು ಕಮ್ಮಿ ಆಗ್ಯಾದ," ಎಂದಳು.

ಉಪ್ಪು ಹಾಕಿ ತಿರುವಿದೆ. ಆಕೆ ಮತ್ತೆ ಅಂಗೈ ಚಾಚಿದಳು.